ಗಣಕದ ಸ್ಮೃತಿಗೂ ಉಂಟು ಕಾವಲು
ಒಂದು ಬಿಟ್ ಹೇಳುವುದು ಹೌದು ಅಥವಾ ಇಲ್ಲ. ಯಾರಿಗೆ, ಯಾವಾಗ ಎಂಬುದನ್ನು ಹೇಳಬೇಕಾದದ್ದು ಟಿಪ್ಪಣಿ

ನಾಯಕನಹಟ್ಟಿ: ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಎಂದೊಡನೆ ನಾಡಿನ ಜನರಿಗೆ ತಿಪ್ಪೇರುದ್ರಸ್ವಾಮಿಯ ಜಾತ್ರೆ ನೆನಪಾಗುತ್ತದೆ. ಸಮೀಪದ ಕುದಾಪುರದ ಹೆಸರು ಮಾತ್ರ ಬೇರೊಂದು ಕಾರಣಕ್ಕೆ ಪರಿಚಿತ. ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆ ವಿಸ್ತಾರದ ಎರಡನೆಯ ಆವರಣ ಇರುವುದು ಇಲ್ಲಿಯೇ. ರಕ್ಷಣಾ ಸಂಶೋಧನೆ, ಅಣುಶಕ್ತಿ ಹಾಗೂ ಬಾಹ್ಯಾಕಾಶ ಸಂಸ್ಥೆಗಳಿಗೂ ಈ ಭಾಗದಲ್ಲಿ ಜಮೀನು ಹಂಚಿಕೆಯಾಗಿದೆ.

ಈ ಜಮೀನಿನ ಹಳೆಯ ಹೆಸರು ಅಮೃತಮಹಲ್ ಕಾವಲು. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಗೋವುಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಸೈನ್ಯದ ಸಾಮಗ್ರಿ ಎಳೆಯುವ ಆ ತಳಿಯ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲೇ ಕಾವಲು. ಅಲ್ಲಿ ಹುಲ್ಲಿಗೆ ಅವಕಾಶವುಂಟು, ನೇಗಿಲಿಗೆ ಇಲ್ಲ. ಸುತ್ತಲಿನ ಹಳ್ಳಿಗಳ ಕುರಿ, ದನಗಳು ತಲೆಮಾರುಗಳಿಂದ ಇಲ್ಲಿ ಮೇಯುತ್ತಿದ್ದವು. ಆವರಣದ ಗೋಡೆಗಳು ಎದ್ದಾಗ, ಈ ನೆಲದಲ್ಲಿ ಯಾರು ಏನು ಮಾಡಬಹುದು ಎಂಬ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವರೆಗೂ ಹೋಯಿತು. 2014ರಲ್ಲಿ ಅಲ್ಲಿಂದ ತೀರ್ಪು ಬಂತು.

ಯಾರು ಏನು ಮಾಡಬಹುದು ಎಂಬ ಇದೇ ಪ್ರಶ್ನೆಯನ್ನು ಪ್ರತಿಯೊಂದು ಗಣಕಯಂತ್ರವೂ ಕ್ಷಣಕ್ಷಣಕ್ಕೂ ಕೇಳಿಕೊಳ್ಳುತ್ತದೆ. ಉತ್ತರವು ಸ್ಮೃತಿಯ ಪ್ರತಿ ಪುಟಕ್ಕೂ ಸೇರಿಸಿದ ಕೆಲವೇ ಬಿಟ್‌ಗಳಲ್ಲಿ ಅಡಗಿರುತ್ತದೆ. ಆ ಬಿಟ್‌ಗಳ ಅರ್ಥವನ್ನು ವಿವರಿಸಲು ತಂತ್ರಜ್ಞರು ಬರೆದಿಡುವ ಒಂದೆರಡು ಸಾಲಿನ ಟಿಪ್ಪಣಿಗಳು ಅಸ್ಪಷ್ಟವಾಗಿದ್ದರೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಗಣಕದ ಪಹಣಿ

ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಯಾವುದೇ ಇರಲಿ, ಸ್ಮೃತಿಯ ಹಂಚಿಕೆಯ ಅಧಿಕಾರ ಕರ್ನೆಲ್‌ನದೇ. ಅದು ಸ್ಮೃತಿಯನ್ನು ಸಮಾನ ಅಳತೆಯ ತುಂಡುಗಳಾಗಿ ವಿಭಜಿಸುತ್ತದೆ. ಇವುಗಳಿಗೆ ಪುಟಗಳೆಂದು ಹೆಸರು. ಸಾಮಾನ್ಯವಾಗಿ ಒಂದು ಪುಟದ ಗಾತ್ರ 4,096 ಬೈಟ್. ಈ ಲೆಕ್ಕದಲ್ಲಿ 4 ಗಿಗಾಬೈಟ್ ಸ್ಮೃತಿಯುಳ್ಳ ಗಣಕದಲ್ಲಿ 10,48,576 ಪುಟಗಳಿರುತ್ತವೆ.

ಯಾವ ಪುಟ ಯಾವ ಪ್ರೋಗ್ರಾಮಿಗೆ ಸೇರಿದ್ದು, ಅದರ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನು ಕರ್ನೆಲ್ ಒಂದು ದಾಖಲೆಯಲ್ಲಿ ಬರೆದಿಡುತ್ತದೆ. ಇದೇ ಪುಟಪಟ್ಟಿ. ನಮ್ಮ ರೈತರ ಪಹಣಿಯನ್ನು ಇದಕ್ಕೆ ಹೋಲಿಸಬಹುದು. ಸರ್ವೆ ನಂಬರಿಗೊಂದು ನಮೂದು ಇರುವಂತೆ ಇಲ್ಲಿ ಪುಟಕ್ಕೊಂದು ನಮೂದು. ಪಹಣಿಯಲ್ಲಿ ಹಕ್ಕು, ಋಣಗಳಿಗೆ ಕಾಲಂಗಳಿರುವಂತೆ ಈ ನಮೂದಿನಲ್ಲಿಯೂ ಹಕ್ಕಿನ ಕಾಲಂಗಳಿವೆ. ಒಂದೊಂದು ಕಾಲಂ ಕೇವಲ ಒಂದು ಬಿಟ್. ಅದರಲ್ಲಿ 1 ಇದ್ದರೆ ಅನುಮತಿಯುಂಟು, 0 ಇದ್ದರೆ ಇಲ್ಲ.

ಮುಖ್ಯ ಅನುಮತಿಗಳು ಮೂರು. ಪುಟವನ್ನು ಓದಬಹುದೇ? ಅದರಲ್ಲಿ ಬರೆಯಬಹುದೇ? ಅದರಲ್ಲಿರುವುದನ್ನು ಆಜ್ಞೆಗಳೆಂದು ಭಾವಿಸಿ ಪ್ರೊಸೆಸರ್ ನಡೆಸಬಹುದೇ? ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದಿದೆ. ಈ ಪುಟವನ್ನು ಸಾಮಾನ್ಯ ಪ್ರೋಗ್ರಾಮು ಮುಟ್ಟಬಹುದೇ, ಅಥವಾ ಅದು ಕರ್ನೆಲ್‌ಗೆ ಮಾತ್ರ ಮೀಸಲೇ?

ಅನುಮತಿ ಮೀರಿದ ಪ್ರೋಗ್ರಾಮನ್ನು ಪ್ರೊಸೆಸರ್ ತಕ್ಷಣ ತಡೆದು ಕರ್ನೆಲ್‌ಗೆ ದೂರು ಒಪ್ಪಿಸುತ್ತದೆ. ಕರ್ನೆಲ್ ಸಾಮಾನ್ಯವಾಗಿ ಆ ಪ್ರೋಗ್ರಾಮನ್ನು ಅಲ್ಲಿಗೇ ಮುಗಿಸುತ್ತದೆ. ಒಂದು ಪ್ರೋಗ್ರಾಮಿನ ಗುಪ್ತಪದ ಮತ್ತೊಂದರ ಕೈಗೆ ಸಿಗದಿರುವುದು ಈ ಕಾವಲಿನ ಬಲದಿಂದಲೇ.

ಹೆಸರು ಒಂದು, ಅರ್ಥ ಎರಡು

ಬಿಟ್‌ಗೆ ತನ್ನದೇ ಆದ ಮಾತಿಲ್ಲ. ಆದುದರಿಂದ ಕರ್ನೆಲ್ ಬರೆಯುವವರು ಪ್ರತಿ ಬಿಟ್‌ಗೂ ಒಂದು ಹೆಸರಿಟ್ಟು, ಪಕ್ಕದಲ್ಲಿ ಮನುಷ್ಯರು ಓದಲೆಂದು ಟಿಪ್ಪಣಿ ಬರೆಯುತ್ತಾರೆ. ಯಂತ್ರವು ಟಿಪ್ಪಣಿಯನ್ನು ಓದುವುದಿಲ್ಲ. ಅದು ತಪ್ಪಾಗಿದ್ದರೂ ಪ್ರೋಗ್ರಾಮು ಅಡೆತಡೆಯಿಲ್ಲದೆ ನಡೆಯುತ್ತದೆ. ಟಿಪ್ಪಣಿಯ ದೋಷ ಬಹುಕಾಲ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಇದೇ ಕಾರಣ.

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯು ಬೋಧನೆಗಾಗಿ ರೂಪಿಸಿದ ಎಕ್ಸ್‌ವಿ6 ಎಂಬ ಪುಟ್ಟ ಕಾರ್ಯಾಚರಣ ವ್ಯವಸ್ಥೆ ಇದಕ್ಕೆ ಒಳ್ಳೆಯ ನಿದರ್ಶನ. ಇಂಟೆಲ್ ಮಾದರಿಯ ಪ್ರೊಸೆಸರ್‌ಗೆಂದು ಬರೆದ ಅದರ ಹಳೆಯ ಆವೃತ್ತಿಯಲ್ಲಿ ಮೂರನೆಯ ಬಿಟ್‌ನ ಪಕ್ಕದ ಟಿಪ್ಪಣಿ ಒಂದೇ ಪದ: ‘ಯೂಸರ್’, ಅಂದರೆ ಬಳಕೆದಾರ. 2019ರಲ್ಲಿ ಆ ವ್ಯವಸ್ಥೆಯನ್ನು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್‌ಗೆ ಹೊಂದಿಸಲಾಯಿತು. ಅಲ್ಲಿ ಇದೇ ಹೆಸರಿನ ಬಿಟ್‌ಗೆ, ಬಳಕೆದಾರನು ಈ ಪುಟವನ್ನು ಮುಟ್ಟಬಹುದು ಎಂಬ ಅರ್ಥದ ತುಸು ದೀರ್ಘವಾದ ಟಿಪ್ಪಣಿ ಇದೆ.

ಮೇಲ್ನೋಟಕ್ಕೆ ಎರಡೂ ಒಂದೇ. ವಾಸ್ತವದಲ್ಲಿ ಎರಡು ಯಂತ್ರಗಳ ವರ್ತನೆ ಬೇರೆ ಬೇರೆ. ಇಂಟೆಲ್ ಮಾದರಿಯಲ್ಲಿ ಈ ಬಿಟ್ 1 ಆಗಿದ್ದರೆ ಸಾಮಾನ್ಯ ಪ್ರೋಗ್ರಾಮಿಗೂ ಅವಕಾಶವುಂಟು, ಕರ್ನೆಲ್‌ಗೂ ಅವಕಾಶವುಂಟು. ಇದಕ್ಕೆ ಕಡಿವಾಣ ಹಾಕುವ ಪ್ರತ್ಯೇಕ ರಕ್ಷಣೆಗಳು ಇಂಟೆಲ್ ಪ್ರೊಸೆಸರ್‌ಗಳಿಗೆ ಬಂದದ್ದು 2012 ಹಾಗೂ 2014ರ ಸುಮಾರಿಗೆ. ರಿಸ್ಕ್-ಫೈವ್‌ನಲ್ಲಿ ಹಾಗಲ್ಲ. ಈ ಬಿಟ್ 1 ಆಗಿರುವ ಪುಟವನ್ನು ಓದಲು ಅಥವಾ ಬರೆಯಲು ಕರ್ನೆಲ್ ಬೇರೊಂದು ವಿಶೇಷ ಬಿಟ್ ಮೂಲಕ ಅನುಮತಿ ತೆರೆದುಕೊಳ್ಳಬೇಕು. ಅಂತಹ ಪುಟದಲ್ಲಿರುವ ಆಜ್ಞೆಗಳನ್ನು ಕರ್ನೆಲ್‌ನ ಅಧಿಕಾರದಲ್ಲಿ ನಡೆಸಲು ಎಂದಿಗೂ ಅವಕಾಶವಿಲ್ಲ.

ಒಂದು ಯಂತ್ರದಲ್ಲಿ ‘ಬಳಕೆದಾರನೂ’ ಎಂಬ ಅರ್ಥ ಕೊಡುವ ಬಿಟ್ ಮತ್ತೊಂದು ಯಂತ್ರದಲ್ಲಿ ‘ಬಹುಮಟ್ಟಿಗೆ ಬಳಕೆದಾರನೇ’ ಎಂಬ ಅರ್ಥ ಕೊಡುತ್ತದೆ. ‘ಯೂಸರ್’ ಎಂಬ ಒಂದೇ ಪದವನ್ನು ನಂಬಿದ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ಮದರಾಸಿನ ಐಐಟಿಯ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯ ‘ವೇಗಾ’ ಎಂಬ ದೇಶೀಯ ಪ್ರೊಸೆಸರ್‌ಗಳು ರಿಸ್ಕ್-ಫೈವ್ ವಿನ್ಯಾಸವನ್ನೇ ಆಧರಿಸಿರುವುದರಿಂದ ಈ ವ್ಯತ್ಯಾಸ ನಮ್ಮ ತಂತ್ರಜ್ಞರಿಗೆ ಪರದೇಶದ ಸಂಗತಿಯಲ್ಲ.

ಕೇಳಿದ್ದೊಂದು, ದೊರೆತದ್ದೊಂದು

ಟಿಪ್ಪಣಿ ಹೇಗಿರಬೇಕು ಎಂಬುದಕ್ಕೂ ಲಿನಕ್ಸ್‌ನಲ್ಲಿ ಹಳೆಯ ಮಾದರಿಯೊಂದಿದೆ. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರ್‌ನ ಪುಟಪಟ್ಟಿಯಲ್ಲಿ ಬರೆಯುವ ಅನುಮತಿಗೆ ಬಿಟ್ ಇತ್ತು, ಆದರೆ ಆಜ್ಞೆ ನಡೆಸುವ ಅನುಮತಿಗೆ ಪ್ರತ್ಯೇಕ ಬಿಟ್ ಇರಲಿಲ್ಲ. ಓದಬಹುದಾದ ಯಾವುದೇ ಪುಟವನ್ನು ಅದು ನಡೆಸಲೂ ಬಲ್ಲುದಾಗಿತ್ತು. 1991ರಲ್ಲಿ ಲಿನಕ್ಸ್ ಹುಟ್ಟಿದ್ದು ಇದೇ ಪ್ರೊಸೆಸರ್ ಮೇಲೆ.

ಪ್ರೋಗ್ರಾಮು ‘ಈ ಪುಟವನ್ನು ಓದಲು ಮಾತ್ರ ಕೊಡು’ ಎಂದು ಕೇಳಿದರೆ ಕರ್ನೆಲ್ ಒಪ್ಪುತ್ತಿತ್ತು. ಯಂತ್ರ ಮಾತ್ರ ನಡೆಸುವ ಹಕ್ಕನ್ನೂ ಸೇರಿಸಿಯೇ ಕೊಡುತ್ತಿತ್ತು. ‘ಬರೆಯಲು ಮಾತ್ರ’ ಎಂದು ಕೇಳಿದರೂ ಓದುವ, ನಡೆಸುವ ಹಕ್ಕುಗಳು ತಾವಾಗಿ ಬರುತ್ತಿದ್ದವು. ಲಿನಕ್ಸ್ ಬರೆದವರು ಈ ಕೊರತೆಯನ್ನು ಮುಚ್ಚಿಡಲಿಲ್ಲ. 1990ರ ದಶಕದಲ್ಲಿಯೇ ಸ್ಮೃತಿ ವಿಭಾಗದ ಕಡತವೊಂದರಲ್ಲಿ ಟಿಪ್ಪಣಿಯ ರೂಪದಲ್ಲಿ ಒಂದು ಕೋಷ್ಟಕವನ್ನು ಬರೆದಿಟ್ಟರು. ಪ್ರತಿ ಅನುಮತಿಗೂ ನಿರೀಕ್ಷಿತ ಉತ್ತರ ಆವರಣ ಚಿಹ್ನೆಯೊಳಗೆ, ನಿಜವಾಗಿ ದೊರೆಯುವ ಉತ್ತರ ಅದರ ಹೊರಗೆ. ‘ನಡೆಸುವುದು: (ಇಲ್ಲ) ಹೌದು’ ಎಂಬ ರೀತಿಯಲ್ಲಿ. ಎಕ್ಸ್86 ಯಂತ್ರಾಂಶದ ಮಿತಿಯೇ ಇದಕ್ಕೆ ಕಾರಣವೆಂದೂ ಮೇಲಿನ ಸಾಲಿನಲ್ಲಿ ತಿಳಿಸಿದರು.

ನೀತಿ ಏನು ಹೇಳುತ್ತದೆ, ವಾಸ್ತವ ಏನಿದೆ, ಅಂತರಕ್ಕೆ ಕಾರಣವೇನು ಎಂಬ ಮೂರೂ ಸಂಗತಿಗಳನ್ನು ಈ ಟಿಪ್ಪಣಿ ಒಂದೇ ಕಡೆ ತಿಳಿಸುತ್ತಿತ್ತು.

ಈ ಅಂತರ ಎಷ್ಟು ಅಪಾಯಕಾರಿ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. 1988ರ ನವೆಂಬರ್ 2ರಂದು ಅಂತರ್ಜಾಲದಲ್ಲಿ ಹರಡಿದ ‘ಮಾರಿಸ್ ವರ್ಮ್’ ಬಳಸಿದ ಉಪಾಯಗಳಲ್ಲಿ ಒಂದು ಇಂಥದ್ದೇ. ಮಾಹಿತಿ ತುಂಬಲೆಂದು ಇಟ್ಟಿದ್ದ ಜಾಗಕ್ಕೆ ಮಿತಿಮೀರಿ ಬರೆದು, ಆ ಬರಹವನ್ನೇ ಆಜ್ಞೆಯೆಂಬಂತೆ ನಡೆಸುವುದು. ಬರೆಯಲು ಕೊಟ್ಟ ಪುಟವನ್ನು ನಡೆಸಲು ಬಿಡದಿದ್ದರೆ ಈ ಬಗೆಯ ದಾಳಿ ಅಷ್ಟು ಸುಲಭವಾಗುತ್ತಿರಲಿಲ್ಲ.

ಹಳತಾದ ಟಿಪ್ಪಣಿ

2003ರಲ್ಲಿ ಎಎಂಡಿ ಕಂಪನಿಯ 64 ಬಿಟ್ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದವು. ಅವುಗಳ ಪುಟಪಟ್ಟಿಯ ನಮೂದಿನಲ್ಲಿ ‘ನಡೆಸಕೂಡದು’ ಎಂಬ ಹೊಸ ಬಿಟ್ ಸೇರ್ಪಡೆಯಾಯಿತು. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿದರೆ ಅದರ ಸ್ಥಾನ 63. ಅದೇ ವರ್ಷದ ಮೇ ತಿಂಗಳಿನಲ್ಲಿ ಓಪನ್‌ಬಿಎಸ್‌ಡಿ ವ್ಯವಸ್ಥೆಯು, ಬರೆಯಬಹುದಾದ ಪುಟವನ್ನು ನಡೆಸಬಾರದು, ನಡೆಸಬಹುದಾದ ಪುಟದಲ್ಲಿ ಬರೆಯಬಾರದು ಎಂಬ ನಿಯಮವನ್ನು ಅಳವಡಿಸಿಕೊಂಡಿತು. 2004ರ ಆಗಸ್ಟ್‌ನಲ್ಲಿ ಲಿನಕ್ಸ್‌ನ 2.6.8 ಆವೃತ್ತಿ ಹಾಗೂ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಹೊಸ ಬಿಟ್‌ನ ರಕ್ಷಣೆಯನ್ನು ಸಾಮಾನ್ಯ ಬಳಕೆದಾರರಿಗೂ ತಲುಪಿಸಿದವು.

ಗಮನಿಸಬೇಕಾದ ವಿಚಾರವೆಂದರೆ ಈ ಬಿಟ್‌ನ ಅರ್ಥ ಉಳಿದವುಗಳಿಗೆ ತಿರುಗುಮುರುಗು. ಓದು, ಬರಹದ ಬಿಟ್‌ಗಳಲ್ಲಿ 1 ಎಂದರೆ ಅನುಮತಿ. ಇದರಲ್ಲಿ 1 ಎಂದರೆ ನಿಷೇಧ. ಟಿಪ್ಪಣಿಯಲ್ಲಿ ಬರೀ ‘ನಡೆಸುವ ಬಿಟ್’ ಎಂದು ಬರೆದರೆ ಓದುಗನು ಸರಿಯಾಗಿ ವಿರುದ್ಧಾರ್ಥವನ್ನೇ ಗ್ರಹಿಸುವ ಸಂಭವವಿದೆ.

ಯಂತ್ರ ಬದಲಾಯಿತು, ಆದರೆ ಲಿನಕ್ಸ್‌ನ ಹಳೆಯ ಕೋಷ್ಟಕ ವರ್ಷಗಳ ಕಾಲ ಹಾಗೆಯೇ ಉಳಿಯಿತು. ಹೊಸ ಬಿಟ್ ಉಳ್ಳ ಯಂತ್ರಗಳಲ್ಲಿ ‘(ಇಲ್ಲ) ಹೌದು’ ಎಂಬ ಉತ್ತರ ನಿಜವಾಗಿರಲಿಲ್ಲ. ಬರೆದ ದಿನ ಸತ್ಯವಾಗಿದ್ದ ಟಿಪ್ಪಣಿ ತನ್ನ ತಪ್ಪಿಲ್ಲದೆಯೇ ಅರ್ಧಸತ್ಯವಾಯಿತು.

ಇದೇ ಕೋಷ್ಟಕಕ್ಕೆ ಸೇರಿಸಿದ ಮತ್ತೊಂದು ಭಾಗದ ಕಥೆ ಇನ್ನೂ ಬೋಧಪ್ರದವಾಗಿದೆ. ಮೊಬೈಲ್ ಫೋನುಗಳಲ್ಲಿ ಬಳಕೆಯಾಗುವ ಆರ್ಮ್ ಮಾದರಿಯ 64 ಬಿಟ್ ಪ್ರೊಸೆಸರ್‌ಗಳಿಗೆ, ‘ನಡೆಸಲು ಮಾತ್ರ’ ಎಂಬ ಅನುಮತಿಯನ್ನು ಲಿನಕ್ಸ್ 2016ರಲ್ಲಿ ಸೇರಿಸಿತು. ಓದಲೂ ಇಲ್ಲ, ಬರೆಯಲೂ ಇಲ್ಲ, ನಡೆಸಲಷ್ಟೇ ಅವಕಾಶ ಎಂಬ ಸಾಲುಗಳು ಕೋಷ್ಟಕದ ಕೆಳಗೆ ಬಂದವು. ಮುಂದೆ ದೋಷವೊಂದು ಬೆಳಕಿಗೆ ಬಂತು. ಕರ್ನೆಲ್ ಬಳಕೆದಾರನ ಪುಟಗಳನ್ನು ಅರಿವಿಲ್ಲದೆ ಮುಟ್ಟದಂತೆ ತಡೆಯುವ ರಕ್ಷಣೆಯೊಂದು ಆರ್ಮ್‌ನಲ್ಲಿ ಮೊದಲೇ ಇತ್ತು. ‘ನಡೆಸಲು ಮಾತ್ರ’ ಎಂಬ ಪುಟಗಳು ಆ ರಕ್ಷಣೆಯ ಕಣ್ಣಿಗೆ ಬಳಕೆದಾರನ ಪುಟಗಳಾಗಿ ಕಾಣುತ್ತಿರಲಿಲ್ಲ. ಒಂದು ಕಾವಲು ಬಲಪಡಿಸಲು ಹೋಗಿ ಇನ್ನೊಂದು ಕಾವಲು ಸಡಿಲಗೊಂಡಿತ್ತು.

2020ರಲ್ಲಿ ಆ ಸೌಲಭ್ಯವನ್ನು ಹಿಂತೆಗೆದುಕೊಳ್ಳಲಾಯಿತು. ಯಂತ್ರಾಂಶದಲ್ಲಿಯೇ ಪರಿಹಾರ ಬಂದ ಬಳಿಕ 2021ರಲ್ಲಿ ಮರಳಿ ಸೇರಿಸಲಾಯಿತು. ಟಿಪ್ಪಣಿಯೂ ಜೊತೆಯಲ್ಲಿಯೇ ಬಂತು, ಹೋಯಿತು, ಮತ್ತೆ ಬಂತು. ಆದರೆ ಎರಡನೆಯ ಬಾರಿ ಬಂದಾಗ ಅದರಲ್ಲಿ ಒಂದು ಷರತ್ತು ಇತ್ತು: ಸುಧಾರಿತ ರಕ್ಷಣೆಯುಳ್ಳ ಪ್ರೊಸೆಸರ್ ಆಗಿದ್ದರೆ ಮಾತ್ರ. ಐದು ವರ್ಷಗಳ ಅನುಭವದ ಸಾರ ಆ ಒಂದು ಷರತ್ತಿನಲ್ಲಿದೆ.

ಹದಿನಾರು ಮನೆಗಳ ಪಟ್ಟಿ

ಸ್ಪಷ್ಟೀಕರಣ ಎಷ್ಟು ಸರಳವಾಗಿರಬಹುದು ಎಂಬುದಕ್ಕೆ 2022ರ ಬದಲಾವಣೆಯೊಂದು ಉದಾಹರಣೆ. ಓದು, ಬರಹ, ನಡೆಸುವಿಕೆ, ಹಂಚಿಕೆ ಎಂಬ ನಾಲ್ಕು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂಬ ಉತ್ತರಗಳನ್ನು ಜೋಡಿಸಿದರೆ ಹದಿನಾರು ಸಾಧ್ಯತೆಗಳಾಗುತ್ತವೆ. ಲಿನಕ್ಸ್‌ನಲ್ಲಿ ಈ ಹದಿನಾರಕ್ಕೂ ಒಂದು ಪಟ್ಟಿಯಿತ್ತು. ಅದರಲ್ಲಿ 000, 001, 010, 011 ಎಂಬಂಥ ಹೆಸರುಗಳು ಸಾಲಾಗಿ ನಿಂತಿದ್ದವು.

001 ಎಂದರೆ ಓದು, 010 ಎಂದರೆ ಬರಹ, 100 ಎಂದರೆ ನಡೆಸುವಿಕೆ. ಬಲದಿಂದ ಎಡಕ್ಕೆ ಓದಬೇಕು ಎಂದು ತಿಳಿದವನಿಗೆ ಇದು ಸುಲಭ. ತಿಳಿಯದವನು ಎಡದಿಂದ ಓದಿ 001 ಎಂಬುದನ್ನು ನಡೆಸುವ ಅನುಮತಿ ಎಂದೇ ತಿಳಿಯಬಹುದು. ಕಡತಗಳ ಅನುಮತಿಯನ್ನು ಓದು, ಬರಹ, ನಡೆಸುವಿಕೆ ಎಂಬ ಕ್ರಮದಲ್ಲಿ ನೋಡಿ ಅಭ್ಯಾಸವಾದವರು ಹೀಗೆ ಎಡವುವ ಸಂಭವ ಹೆಚ್ಚು.

2022ರ ತಿದ್ದುಪಡಿ ಯಂತ್ರದ ವರ್ತನೆಯನ್ನು ಕಿಂಚಿತ್ತೂ ಬದಲಿಸಲಿಲ್ಲ. ಪಟ್ಟಿಯ ಪ್ರತಿ ಸ್ಥಾನದ ಮುಂದೆ ‘ಓದು’, ‘ಬರಹ’, ‘ಬರಹ ಮತ್ತು ಓದು’ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಬರೆಯಿತು, ಅಷ್ಟೇ. ಟಿಪ್ಪಣಿಯಲ್ಲಿ ಹೇಳಬೇಕಾಗಿದ್ದುದನ್ನು ಹೆಸರಿನಲ್ಲಿಯೇ ಹೇಳಿದ ಕಾರಣ ಅದು ಹಳತಾಗುವ ಭಯವೂ ತಪ್ಪಿತು. ಹೆಸರು ತಪ್ಪಾದರೆ ಪ್ರೋಗ್ರಾಮೇ ತಪ್ಪಾಗಿ ನಡೆಯುತ್ತದೆ. ದೋಷ ಬೇಗ ಗೊತ್ತಾಗುತ್ತದೆ.

ಒಂದು ಬಿಟ್‌ಗೆ ಎರಡು ಹೊರೆ

ಅಸ್ಪಷ್ಟತೆಯ ಬೆಲೆ ಏನೆಂಬುದು 2016ರ ಅಕ್ಟೋಬರ್‌ನಲ್ಲಿ ಜಗತ್ತಿಗೆ ತಿಳಿಯಿತು. ‘ಡರ್ಟಿ ಕೌ’ ಎಂಬ ಅಡ್ಡಹೆಸರಿನ ಆ ದೋಷ 2007ರ ಆವೃತ್ತಿಯಿಂದಲೂ ಲಿನಕ್ಸ್‌ನಲ್ಲಿ ಅಡಗಿತ್ತು. ಓದುವ ಹಕ್ಕು ಮಾತ್ರ ಇದ್ದ ಸಾಮಾನ್ಯ ಬಳಕೆದಾರನು ಇದರ ಮೂಲಕ ವ್ಯವಸ್ಥೆಯ ಕಡತವನ್ನೇ ತಿದ್ದಿ ಸಂಪೂರ್ಣ ಅಧಿಕಾರ ಪಡೆಯಬಹುದಾಗಿತ್ತು. ಲಿನಕ್ಸ್ ಕರ್ನೆಲ್ ಆಧರಿಸಿದ ಆಂಡ್ರಾಯ್ಡ್ ಫೋನುಗಳೂ ಇದರಿಂದ ಹೊರತಾಗಿರಲಿಲ್ಲ.

ಇದರ ಹೆಸರಿನಲ್ಲಿರುವ ‘ಕೌ’ ಹಸುವಲ್ಲ. ‘ಬರೆಯುವಾಗ ನಕಲು ಮಾಡು’ ಎಂಬ ಇಂಗ್ಲಿಷ್ ಪದಗುಚ್ಛದ ಮೊದಲಕ್ಷರಗಳು. ಓದಲು ಮಾತ್ರ ಇರುವ ಪುಟದ ಖಾಸಗಿ ಪ್ರತಿಯಲ್ಲಿ ಯಾರಾದರೂ ಬರೆಯಹೊರಟರೆ ಕರ್ನೆಲ್ ಮೂಲವನ್ನು ಮುಟ್ಟದೆ ನಕಲೊಂದನ್ನು ಮಾಡಿಕೊಡುತ್ತದೆ. ನಕಲು ಸಿದ್ಧವಾಯಿತು ಎಂದು ನೆನಪಿಟ್ಟುಕೊಳ್ಳಲು ಕರ್ನೆಲ್ ಒಂದು ಅಡ್ಡದಾರಿ ಹಿಡಿದಿತ್ತು. ಕೋರಿಕೆಯಲ್ಲಿದ್ದ ‘ಬರೆಯಬೇಕು’ ಎಂಬ ಗುರುತನ್ನೇ ಅಳಿಸಿಬಿಡುತ್ತಿತ್ತು.

ಆ ಗುರುತು ಇಲ್ಲದಿರುವುದಕ್ಕೆ ಈಗ ಎರಡು ಅರ್ಥಗಳಾದವು: ‘ಇದು ಬರಿಯ ಓದಿನ ಕೋರಿಕೆ’ ಎಂಬುದು ಒಂದು, ‘ಬರಹದ ಕೋರಿಕೆಗೆ ನಕಲು ಆಗಿದೆ’ ಎಂಬುದು ಇನ್ನೊಂದು. ನಕಲು ಸಿದ್ಧವಾದ ಮತ್ತು ಅದರಲ್ಲಿ ಬರೆಯುವ ನಡುವಿನ ಕ್ಷಣಾರ್ಧದಲ್ಲಿ ದಾಳಿಕೋರನು ನಕಲನ್ನು ತ್ಯಜಿಸುವಂತೆ ಮಾಡಿದರೆ, ಕರ್ನೆಲ್ ಮತ್ತೆ ಹುಡುಕಿ, ಇದು ಓದಿನ ಕೋರಿಕೆ ಎಂದು ಭಾವಿಸಿ, ಮೂಲ ಪುಟವನ್ನೇ ಒಪ್ಪಿಸುತ್ತಿತ್ತು. ಬರಹ ಮೂಲದ ಮೇಲೆ ಬೀಳುತ್ತಿತ್ತು.

ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಇದನ್ನು ಸರಿಪಡಿಸುವಾಗ, ಹನ್ನೊಂದು ವರ್ಷಗಳ ಹಿಂದೆಯೇ ತಾವು ಒಂದು ತಿದ್ದುಪಡಿಗೆ ಯತ್ನಿಸಿದ್ದಾಗಿಯೂ, ಐಬಿಎಂನ ಬೃಹತ್ ಗಣಕಗಳಲ್ಲಿ ತೊಂದರೆಯಾದುದರಿಂದ ಅದನ್ನು ತೆಗೆದುಹಾಕಲಾಗಿತ್ತೆಂದೂ ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಹೊಸ ಪರಿಹಾರದಲ್ಲಿ ‘ನಕಲು ಆಗಿದೆ’ ಎಂಬುದಕ್ಕೆ ಪ್ರತ್ಯೇಕ ಗುರುತನ್ನು ಕೊಡಲಾಯಿತು. ಅನುಮತಿಯಿಲ್ಲದ ಪುಟದಲ್ಲಿ ಬಲವಂತವಾಗಿ ಬರೆಯಬಹುದಾದರೂ, ನಕಲಿನ ಹಂತ ದಾಟಿ ಆ ಪುಟ ತಿದ್ದಲ್ಪಟ್ಟಿದೆ ಎಂಬ ಗುರುತು ಇದ್ದರೆ ಮಾತ್ರ ಎಂಬರ್ಥದ ಟಿಪ್ಪಣಿಯೂ ಅದರೊಂದಿಗೆ ಸೇರಿತು.

ಒಳ್ಳೆಯ ಟಿಪ್ಪಣಿಯ ಲಕ್ಷಣ

ಟಿಪ್ಪಣಿಯು ಸಂಕೇತ ಏನು ಮಾಡುತ್ತದೆ ಎಂಬುದನ್ನು ಹೇಳಬೇಕೇ ಹೊರತು ಹೇಗೆ ಮಾಡುತ್ತದೆ ಎಂಬುದನ್ನಲ್ಲ ಎಂದು ಲಿನಕ್ಸ್‌ನ ಬರಹ ನಿಯಮಾವಳಿ ತಿಳಿಸುತ್ತದೆ. ಅನುಮತಿ ಬಿಟ್‌ಗಳ ವಿಷಯದಲ್ಲಿ ಮೇಲಿನ ಪ್ರಸಂಗಗಳು ಇದಕ್ಕೆ ಇನ್ನೂ ಕೆಲವನ್ನು ಸೇರಿಸುತ್ತವೆ.

ಒಂದು, 1 ಎಂದರೆ ಅನುಮತಿಯೋ ನಿಷೇಧವೋ ಎಂಬುದು ಸ್ಪಷ್ಟವಾಗಿರಬೇಕು. ಎರಡು, ಆ ಅನುಮತಿ ಯಾರಿಗೆ ಎಂಬುದನ್ನು ಹೇಳಬೇಕು. ‘ಬಳಕೆದಾರನಿಗೆ’ ಎಂದರೆ ಕರ್ನೆಲ್‌ಗೂ ಉಂಟೋ ಇಲ್ಲವೋ ತಿಳಿಸಬೇಕು. ಮೂರು, ಯಾವ ಯಂತ್ರಾಂಶಕ್ಕೆ ಈ ಮಾತು ಅನ್ವಯಿಸುತ್ತದೆ ಎಂಬ ಷರತ್ತು ಇರಬೇಕು. ನಾಲ್ಕು, ಕೇಳಿದ್ದಕ್ಕೂ ದೊರೆಯುವುದಕ್ಕೂ ಅಂತರವಿದ್ದರೆ ಅದನ್ನು ಮರೆಮಾಚಬಾರದು. ಐದು, ಸಂಕೇತವನ್ನು ತಿದ್ದುವ ಕೈಯೇ ಟಿಪ್ಪಣಿಯನ್ನೂ ತಿದ್ದಬೇಕು. ಟಿಪ್ಪಣಿ ಇಲ್ಲದಿದ್ದರೆ ಓದುಗನು ಎಚ್ಚರದಿಂದ ಪರಿಶೀಲಿಸುತ್ತಾನೆ. ತಪ್ಪು ಟಿಪ್ಪಣಿಯಿದ್ದರೆ ನಂಬಿ ಮುಂದೆ ಸಾಗುತ್ತಾನೆ.

ಕರ್ನೆಲ್‌ನ ಸಾಲುಗಳನ್ನು ಓದುವವರು ಕೆಲವರೇ ಇರಬಹುದು. ಆದರೆ ಬೆಂಗಳೂರಿನ ಬ್ಯಾಂಕಿನ ಸರ್ವರ್‌ನಿಂದ ನಾಯಕನಹಟ್ಟಿಯ ಅಂಗಡಿಯಲ್ಲಿ ಹಣ ಪಾವತಿಸುವ ಫೋನಿನ ವರೆಗೆ ಅವುಗಳ ಮೇಲೆ ನಿಂತ ಬದುಕುಗಳು ಅಸಂಖ್ಯ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಗಣಕೀಕೃತವಾದ ಪಹಣಿಗಳೂ ಇಂಥದೇ ಪುಟಗಳ ಕಾವಲಿನಲ್ಲಿವೆ. ಕಾವಲಿನ ನೆಲದಲ್ಲಿ ಯಾರಿಗೆ ಯಾವ ಹಕ್ಕು ಎಂಬುದು ರೂಢಿಯಲ್ಲಿ ಮಾತ್ರ ಉಳಿದು ದಾಖಲೆಯಲ್ಲಿ ಸ್ಪಷ್ಟವಾಗದಿದ್ದರೆ ಗೋಡೆ ಎದ್ದ ದಿನ ವ್ಯಾಜ್ಯ ಹುಟ್ಟುತ್ತದೆ. ಸ್ಮೃತಿಯ ಪುಟಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ವ್ಯಾಜ್ಯ ಹೂಡಿ ನ್ಯಾಯ ಕೇಳಲು ಸಮಯವಿರುವುದಿಲ್ಲ. ಎಲ್ಲವೂ ಕ್ಷಣಾರ್ಧದಲ್ಲಿ ಮುಗಿದಿರುತ್ತದೆ.